ಕಾರ್ಖಾನೆಯ ಕೊಳಚೆ ನೀರನ್ನು ನಾವೇ ಬಾಟಲಿಯಲ್ಲಿ ಹಿಡಿದು ಪರೀಕ್ಷೆಗೆ ಕೊಟ್ಟರೆ ನಡೆಯುತ್ತದೆಯೇ?

ರಾತ್ರಿ ಹನ್ನೊಂದರ ಮೇಲೆ ನಿಮ್ಮೂರಿನ ಹಳ್ಳ ಕಪ್ಪಾಗಿ ನೊರೆಯೇಳುತ್ತದೆ, ಮಾಲಿನ್ಯ ನಿಯಂತ್ರಣ ಮಂಡಳಿಯವರು ಹಗಲು ಬಂದು ಮಾದರಿ ಒಯ್ದು ‘ಮಿತಿಯೊಳಗಿದೆ’ ಎನ್ನುತ್ತಾರೆ, ಹಾಗಾದರೆ ನಾವೇ ಹಿಡಿದು ಕೊಡಬಹುದೇ ಎಂದು ಕೇಳಿದ್ದೀರಿ. ಕೊಡಬಹುದು. ಆದರೆ ಆ ಬಾಟಲಿಯಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ಮೊದಲೇ ಗೊತ್ತಿರಲಿ. ನಾನು ಬೆಂಗಳೂರಿನ ಪೀಣ್ಯದ ಸುತ್ತಮುತ್ತ ಒಂದು ಖಾಸಗಿ ಪ್ರಯೋಗಾಲಯದ ಪರವಾಗಿ ಒಂಬತ್ತು ವರ್ಷ ಇದೇ ಕೆಲಸ ಮಾಡಿದವನು.

1974ರ ಜಲ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮಾದರಿ ತೆಗೆಯುವ ಅಧಿಕಾರಿ ಕಾರ್ಖಾನೆಯವರಿಗೆ ಸ್ಥಳದಲ್ಲೇ ನೋಟಿಸ್ ಕೊಡಬೇಕು, ನೀರನ್ನು ಎರಡು ಪಾಲು ಮಾಡಬೇಕು, ಮೊಹರು ಹಾಕಿ ಇಬ್ಬರೂ ಸಹಿ ಮಾಡಬೇಕು. ಈ ಕ್ರಮ ತಪ್ಪಿದರೆ ವರದಿ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ನಿಮ್ಮ ಬಾಟಲಿಗೆ ಆ ಬಲವಿಲ್ಲ. ಆದರೆ ಗಮನಿಸಿ: ನೋಟಿಸ್ ಸ್ಥಳದಲ್ಲೇ ಕೊಟ್ಟರೆ ಸಾಕು, ನಾಳೆ ಬರುತ್ತೇವೆ ಎಂದು ಮೊದಲೇ ಸುದ್ದಿ ಕಳಿಸಬೇಕಾಗಿಲ್ಲ. ಅಧಿಕಾರಿ ರಾತ್ರಿ ಹನ್ನೊಂದೂವರೆಗೆ ನಿಮ್ಮ ಹಳ್ಳದ ಬಳಿ ಬರುವಂತೆ ಮಾಡುವುದೇ ನಿಮ್ಮ ಬಾಟಲಿಯ ಕೆಲಸ.

ಹಗಲಿನ ವರದಿ ಏಕೆ ಚೆನ್ನಾಗಿರುತ್ತದೆ ಎಂಬುದಕ್ಕೆ ನಾನು ಕಂಡದ್ದನ್ನೇ ಹೇಳುತ್ತೇನೆ. ಒಂದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗೆ ಹೋಗಿದ್ದೆವು. ನಾವು ಬರುವುದು ಅವರಿಗೆ ಗೊತ್ತಿತ್ತು. ಇಟಿಪಿಯ, ಅಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕದ, ಮೆಟ್ಟಿಲನ್ನೂ ತೊಳೆದಿಟ್ಟಿದ್ದರು. ಹೊರಹರಿವಿನ ನೀರು ತಿಳಿಯಾಗಿತ್ತು, ಸಿಒಡಿ (ನೀರಿನ ಕೊಳೆಯನ್ನು ರಾಸಾಯನಿಕವಾಗಿ ಸುಡಲು ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 250 ಮಿಲಿಗ್ರಾಂ ಮಿತಿಯೊಳಗೇ ಬರುವಂತಿತ್ತು. ಅಭ್ಯಾಸಬಲದಿಂದ ವಾಹಕತೆ ಮೀಟರನ್ನು ಎರಡೂ ಕಡೆ ಅದ್ದಿದೆ; ಕರಗಿದ ಉಪ್ಪು ಹೆಚ್ಚಿದಷ್ಟೂ ಅದರ ಸಂಖ್ಯೆ ಏರುತ್ತದೆ. ಒಳಬರುವ ನೀರಿನಲ್ಲಿ ಐದು ಸಾವಿರದ ಆಸುಪಾಸು, ಹೊರಹೋಗುವ ನೀರಿನಲ್ಲಿ ಎರಡು ಸಾವಿರಕ್ಕೂ ಕಡಿಮೆ. ಬ್ಯಾಕ್ಟೀರಿಯಾ ಸಾವಯವ ಕೊಳೆಯನ್ನು ತಿನ್ನುತ್ತದೆ, ಕರಗಿದ ಉಪ್ಪನ್ನು ತಿನ್ನುವುದಿಲ್ಲ. ಉಪ್ಪು ತೆಗೆಯುವ ಆರ್‌ಒ ಯಂತ್ರವೂ ಅಲ್ಲಿ ಇರಲಿಲ್ಲ. ಉಪ್ಪು ಎಲ್ಲಿಗೆ ಹೋಯಿತು? ತೊಟ್ಟಿಯ ಹಿಂದೆ ಹೋಗಿ ನೋಡಿದರೆ, ಬೋರ್‌ವೆಲ್ಲಿನ ನೀಲಿ ಪೈಪು ಕೊನೆಯ ತೊಟ್ಟಿಯ ಅಂಚಿನಲ್ಲಿ ಇನ್ನೂ ತೊಟ್ಟಿಕ್ಕುತ್ತಿತ್ತು. “ಗಿಡಕ್ಕೆ ನೀರು ಹಾಕುವುದು ಸಾರ್” ಎಂದರು ಮೇಲ್ವಿಚಾರಕರು. ಅಲ್ಲಿದ್ದ ಗಿಡವೆಂದರೆ ಒಣಗಿ ಕಡ್ಡಿಯಾಗಿದ್ದ ಎರಡು ತುಳಸಿ ಕುಂಡಗಳು. ಎರಡೂ ಸಂಖ್ಯೆಗಳನ್ನು ವರದಿಯಲ್ಲಿ ಬರೆದೆ. ಅವುಗಳ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ.

ಆದ್ದರಿಂದ ಮೊದಲು ಪೆನ್ನಿನಂಥ ಒಂದು ವಾಹಕತೆ ಮೀಟರ್ ಮತ್ತು ನೀರು ಆಮ್ಲವೋ ಕ್ಷಾರವೋ ತೋರಿಸುವ ಪಿಎಚ್ ಕಾಗದ ಕೊಳ್ಳಿ. ವಾರವಿಡೀ ಒಂದೇ ಜಾಗದಲ್ಲಿ ಗಂಟೆಗೊಮ್ಮೆ ಅದ್ದಿ, ಸಮಯದ ಜೊತೆ ಬರೆದಿಡಿ. ಹರಿವು ಯಾವ ಹೊತ್ತಿಗೆ ಬದಲಾಗುತ್ತದೆ ಎಂಬುದು ಆ ಪಟ್ಟಿಯಿಂದಲೇ ಸಿಕ್ಕಿಬೀಳುತ್ತದೆ. ಪಿಎಚ್ 5.5ರಿಂದ 9ರೊಳಗೆ ಇರಬೇಕು.

ಆ ಹೊತ್ತು ಗೊತ್ತಾದ ಮೇಲೆ ಬಾಟಲಿ ಹಿಡಿಯಿರಿ: ಪೈಪು ಹಳ್ಳಕ್ಕೆ ಸೇರುವುದಕ್ಕಿಂತ ಮೇಲೆ ಒಂದು ಕಡೆ, ಸೇರುವಲ್ಲಿ ಒಂದು, ಕೆಳಗೆ ಒಂದು. ಮೇಲಿನದ್ದು ಇಲ್ಲದಿದ್ದರೆ ‘ಊರಿನ ಚರಂಡಿಯದೇ ಕೊಳೆ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ಕಾರ್ಖಾನೆಯ ಆವರಣಕ್ಕೆ ಕಾಲಿಡಬೇಡಿ. ಬಾಟಲಿಯ ಬಾಯಿ ಹರಿವಿಗೆ ಎದುರಾಗಿರಲಿ, ನೊರೆಯನ್ನೂ ತಳದ ಕೆಸರನ್ನೂ ಬಿಟ್ಟು ನಡುವಿನ ನೀರು ತುಂಬಿಸಿ, ಕೈಗವಸು ಮರೆಯಬೇಡಿ. ತಂಪು ಪಾನೀಯದ ಹಳೆಯ ಬಾಟಲಿ ಬೇಡವೇ ಬೇಡ. ತಳದಲ್ಲಿ ಉಳಿದ ಒಂದಿಷ್ಟು ಸಕ್ಕರೆಯೇ ಸಿಒಡಿಯನ್ನು ಏರಿಸಿಬಿಡುತ್ತದೆ, ಆಮೇಲೆ ನಿಮ್ಮ ಮಾತನ್ನು ಯಾರೂ ನಂಬುವುದಿಲ್ಲ. ಪ್ರಯೋಗಾಲಯದಿಂದಲೇ ಬಾಟಲಿ ಕೇಳಿ ಪಡೆಯಿರಿ. ಲೋಹ ಪರೀಕ್ಷೆಯ ಬಾಟಲಿಗೆ ಅವರು ನೈಟ್ರಿಕ್ ಆಮ್ಲ ಹಾಕಿ ಕೊಡುವುದುಂಟು, ಅದನ್ನು ತೊಳೆಯಬೇಡಿ. ಎಣ್ಣೆ-ಜಿಡ್ಡಿಗೆ ಗಾಜಿನ ಬಾಟಲಿಯೇ ಬೇಕು. ಬಿಒಡಿಯದು (ಕೊಳೆ ತಿನ್ನಲು ಬ್ಯಾಕ್ಟೀರಿಯಾ ಬಳಸುವ ಆಮ್ಲಜನಕದ ಪರೀಕ್ಷೆ) ಐಸ್ ಪೆಟ್ಟಿಗೆಯಲ್ಲಿ ಆದಷ್ಟು ಬೇಗ ತಲುಪಬೇಕು. ದಾರಿಯಲ್ಲಿ ಬೆಚ್ಚಗಾದರೆ ಬ್ಯಾಕ್ಟೀರಿಯಾ ಅಲ್ಲೇ ಊಟ ಮುಗಿಸಿಬಿಡುತ್ತದೆ, ಕೊಳಕು ನೀರೂ ವರದಿಯಲ್ಲಿ ಸ್ವಚ್ಛವಾಗಿ ಕಾಣುತ್ತದೆ. ಹತ್ತಿರದಲ್ಲಿ ಲೋಹಕ್ಕೆ ಲೇಪ ಹಾಕುವ ಘಟಕಗಳಿದ್ದು ನೀರಿಗೆ ಹಳದಿ ಛಾಯೆ ಇದ್ದರೆ ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂ ಲೋಹದ ವಿಷಕಾರಿ ರೂಪ) ಪರೀಕ್ಷೆಯನ್ನು ಹೆಸರು ಹೇಳಿಯೇ ಕೇಳಿ. ಅದರ ಮಿತಿ ಲೀಟರಿಗೆ ಬರೀ 0.1 ಮಿಲಿಗ್ರಾಂ.

ಕೇಂದ್ರ ಮಂಡಳಿ 2014ರಲ್ಲಿ 17 ಬಗೆಯ ಅತಿ ಮಾಲಿನ್ಯದ ಉದ್ಯಮಗಳಿಗೆ ಹೊರಹರಿವನ್ನು ಸದಾ ಅಳೆದು ಮಂಡಳಿಗೆ ಕಳಿಸುವ ಆನ್‌ಲೈನ್ ಮೀಟರ್ ಕಡ್ಡಾಯ ಮಾಡಿತು. ನಿಮ್ಮದು ಸಣ್ಣ ಶೆಡ್ಡುಗಳ ಸಾಲಾದರೆ ಅದನ್ನು ನೆಚ್ಚಿಕೊಂಡು ಕೂರಬೇಡಿ.

ವರದಿ, ಗಂಟೆಗಳ ಪಟ್ಟಿ, ಫೋಟೋ ಸೇರಿಸಿ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ‘ಇಷ್ಟು ಗಂಟೆಗೆ, ಈ ಜಾಗದಲ್ಲಿ ಮಾದರಿ ತೆಗೆಯಿರಿ’ ಎಂದು ಸ್ಪಷ್ಟವಾಗಿ ಬರೆಯಿರಿ. ಹಳೆಯ ವರದಿಗಳನ್ನು ಮಾಹಿತಿ ಹಕ್ಕಿನಡಿ ಕೇಳಿ, ಅದರಲ್ಲಿ ಮಾದರಿ ತೆಗೆದ ಸಮಯವನ್ನು ಮೊದಲು ನೋಡಿ. ಯಾವುದಕ್ಕೂ ಜಗ್ಗದಿದ್ದರೆ ಅದೇ ಜಲ ಕಾಯ್ದೆಯ 49ನೇ ಸೆಕ್ಷನ್ನಿನಡಿ 60 ದಿನಗಳ ನೋಟಿಸ್ ಕೊಟ್ಟು ನ್ಯಾಯಾಲಯದಲ್ಲಿ ನೀವೇ ದೂರು ಹೂಡಲು ದಾರಿಯಿದೆ, ಅದಕ್ಕೆ ವಕೀಲರನ್ನು ಕಾಣಿ.

ಹಾಂ, ಬಾಟಲಿಯ ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳು ಪೆನ್ನಿನಲ್ಲಿ ಬರೆದಿದ್ದೆ. ಐಸ್ ಕರಗಿ, ಆರು ಬಾಟಲಿಗಳು ಹೆಸರಿಲ್ಲದೆ ಪ್ರಯೋಗಾಲಯ ತಲುಪಿದವು. ಮರುದಿನ ಪುನಃ ಆರು ಕಡೆಯೂ ಅಲೆದೆ.