ಹಾರ್ಡ್‌ನಾಟ್ ಘಾಟಿ ಬರೋದು ಕೊನೆಗೆ, ಅಲ್ಲಿಂದಲೇ ಲೆಕ್ಕ ಹಾಕಿ

ಪ್ರಶ್ನೆ: ನಾನು ಮೈಸೂರಿನವನು, ಈಗ ಮ್ಯಾಂಚೆಸ್ಟರ್‌ನಲ್ಲಿ ಕೆಲಸ. ಬೆಂಗಳೂರಲ್ಲಿದ್ದಾಗ ನಂದಿ ಬೆಟ್ಟವನ್ನು ಸೈಕಲ್‌ನಲ್ಲಿ ಎಷ್ಟೋ ಸಲ ಹತ್ತಿದ್ದೇನೆ. 200 ಕಿ.ಮೀ. ಬ್ರೆವೆ (ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಕೂಡ ಮುಗಿಸಿದ್ದೇನೆ. ಈ ಬೇಸಿಗೆಯಲ್ಲಿ ಲೇಕ್ ಡಿಸ್ಟ್ರಿಕ್ಟ್‌ಗೆ ಹೋಗಿ ಫ್ರೆಡ್ ವಿಟ್ಟನ್ ಸುತ್ತನ್ನು ಒಬ್ಬನೇ ಹೊಡೆಯುವ ಆಸೆ. ಒಂದೇ ದಿನದಲ್ಲಿ ಆಗುತ್ತಾ? ಗೇರ್ ಯಾವುದಿರಬೇಕು? ಯಾವ ಕಡೆಯಿಂದ ಸುತ್ತೋದು ಒಳ್ಳೆಯದು?

ಉತ್ತರ: ಆಗುತ್ತದೆ. ಆದರೆ ನಂದಿಯ ಲೆಕ್ಕವನ್ನು ಇಲ್ಲಿಗೆ ತರಬೇಡಿ. ನಂದಿಯಲ್ಲಿ ಒಂದು ಲಯ ಸಿಕ್ಕಿದರೆ ಮೇಲಿನವರೆಗೂ ಅದೇ ಲಯದಲ್ಲಿ ತುಳಿಯಬಹುದು. ಇಲ್ಲಿನ ಘಾಟಿಗಳು ಗಿಡ್ಡ, ಆದರೆ ಗೋಡೆಯಂತೆ ನಿಲ್ಲುತ್ತವೆ. ಎಲ್ಲಕ್ಕಿಂತ ಎತ್ತರದ ಕರ್ಕ್‌ಸ್ಟೋನ್ ಕೂಡ ಬರೀ 454 ಮೀಟರ್. ಆ ಅಂಕಿ ನೋಡಿ ಇಷ್ಟೇನಾ ಅಂದುಕೊಂಡು ಹೊರಟವರು ಎರಡನೇ ಘಾಟಿ ಹೊನಿಸ್ಟರ್‌ನಲ್ಲೇ ಸೈಕಲ್ ತಳ್ಳುತ್ತಾರೆ.

ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಗ್ರಾಸ್‌ಮಿಯರ್‌ನಿಂದ ಹೊರಟು ಅಲ್ಲಿಗೇ ಬರುವ ಈ ಸುತ್ತು 112 ಮೈಲಿ, ಅಂದರೆ ಸುಮಾರು 180 ಕಿ.ಮೀ. ಒಟ್ಟು ಏರು 3,500 ಮೀಟರ್ ದಾಟುತ್ತದೆ. ಲೇಕ್ಸ್ ರೋಡ್ ಕ್ಲಬ್ಬಿನ ಫ್ರೆಡ್ ವಿಟ್ಟನ್ ಕ್ಯಾನ್ಸರ್‌ನಿಂದ ತೀರಿಕೊಂಡ ಮೇಲೆ, ಅವರ ನೆನಪಿಗೆ 1999ರಲ್ಲಿ ಶುರುವಾದ ಸವಾರಿ ಇದು. ದಾರಿಯಲ್ಲಿ ಕರ್ಕ್‌ಸ್ಟೋನ್, ಹೊನಿಸ್ಟರ್, ನ್ಯೂಲ್ಯಾಂಡ್ಸ್, ವಿನ್‌ಲ್ಯಾಟರ್, ಹಾರ್ಡ್‌ನಾಟ್, ರೈನೋಸ್ ಅಂತ ಆರು ದೊಡ್ಡ ಘಾಟಿಗಳು.

ಇದರಲ್ಲಿ ಹಾರ್ಡ್‌ನಾಟ್ ಬರೋದು 155 ಕಿ.ಮೀ. ದಾಟಿದ ಮೇಲೆ. ನಿಮ್ಮ ಯೋಜನೆಯೆಲ್ಲ ಇಲ್ಲಿಂದ ಹಿಂದಕ್ಕೆ ಶುರುವಾಗಬೇಕು. ಎರಡು ಕಿಲೋಮೀಟರ್ ಚಿಲ್ಲರೆ ದೂರದಲ್ಲಿ ಸುಮಾರು 300 ಮೀಟರ್ ಏರು, ಕಡಿದಾದ ಕಡೆ ಶೇ 33. ಬುಡದಲ್ಲಿ ಒಂದು ಕ್ಯಾಟಲ್ ಗ್ರಿಡ್ ಇದೆ. ಕುರಿ ದಾಟದಿರಲಿ ಅಂತ ರಸ್ತೆಗೆ ಅಡ್ಡ ಜೋಡಿಸಿದ ಕಬ್ಬಿಣದ ಸರಳುಗಳು ಅವು. ಮಳೆಯಲ್ಲಿ ಸಾಬೂನಿನ ಹಾಗೆ ಜಾರುತ್ತವೆ, ಹ್ಯಾಂಡಲ್ ತಿರುಗಿಸದೆ ನೇರ ದಾಟಿ. ದಾಟುತ್ತಿದ್ದ ಹಾಗೆ ಏರು ಶುರು. ಸೀಟಿನ ಮೇಲೆ ಹಿಂದಕ್ಕೆ ಕೂತರೆ ಮುಂದಿನ ಚಕ್ರ ಮೇಲೇಳುತ್ತದೆ. ಎದ್ದು ನಿಂತರೆ ಒದ್ದೆ ಟಾರಿನಲ್ಲಿ ಹಿಂದಿನ ಚಕ್ರ ಸುಮ್ನೆ ತಿರುಗುತ್ತದೆ. ಸೀಟಿನ ತುದಿಗೆ ಜರುಗಿ, ಎದೆಯನ್ನು ಹ್ಯಾಂಡಲ್ ಹತ್ತಿರ ತಂದು ತುಳಿಯಿರಿ. ನಡುವೆ ಏರು ಸ್ವಲ್ಪ ಸಡಿಲವಾಗುತ್ತದೆ. ಅಲ್ಲಿ ಎಡಕ್ಕೆ ಹೇಡ್ರಿಯನ್ ಚಕ್ರವರ್ತಿಯ ಕಾಲದ ರೋಮನ್ ಕೋಟೆಯ ಗೋಡೆಗಳು ಕಾಣುತ್ತವೆ. ನೋಡುವ ನೆಪದಲ್ಲಿ ಉಸಿರು ತೆಗೆದುಕೊಳ್ಳಿ, ಏಕೆಂದರೆ ತುದಿಯ ಹೇರ್‌ಪಿನ್ ತಿರುವುಗಳು ಮತ್ತೆ ಅಷ್ಟೇ ಕಡಿದು.

ಈಗ ಗೇರ್. ನಿಮ್ಮ ತೂಕ, ಸೈಕಲ್, ನೀರು ಎಲ್ಲ ಸೇರಿ 80 ಕೆ.ಜಿ. ಅಂತಿಟ್ಟುಕೊಳ್ಳಿ. ಶೇ 30ರ ಏರಿನಲ್ಲಿ ಗಂಟೆಗೆ ಬರೀ 5 ಕಿ.ಮೀ. ಹೋಗೋಕೂ 300 ವ್ಯಾಟ್‌ಗಿಂತ ಜಾಸ್ತಿ ಬೇಕು. ಪೆಡಲ್ ಹತ್ತಿರದ ಮುಂದಿನ ಗೇರ್ ಚಕ್ರಕ್ಕೆ 34, ಹಿಂದಿನದಕ್ಕೆ 34 ಹಲ್ಲಿದ್ದರೆ ಆ ವೇಗಕ್ಕೆ ನಿಮಿಷಕ್ಕೆ 40 ಸುತ್ತು ತುಳಿಯಬೇಕಾಗುತ್ತದೆ. ಹಿಂದೆ 28 ಹಲ್ಲಿನದ್ದೇ ದೊಡ್ಡದಾದರೆ ಸುತ್ತು ಇನ್ನೂ ನಿಧಾನ, ಮೊಣಕಾಲಿನ ಮೇಲೆ ಇನ್ನೂ ಭಾರ. ಹಾಗಾಗಿ 34-34 ಕನಿಷ್ಠ. ಮುಂದೆ 30 ಹಲ್ಲಿನ ಚಿಕ್ಕ ರಿಂಗ್ ಹಾಕಿಸಲು ಸಾಧ್ಯವಾದರೆ ಹಾಕಿಸಿ, ನಾಚಿಕೆ ಏನಿಲ್ಲ. ತಳ್ಳಬೇಕಾಗಿ ಬಂದರೆ ಅಂತ ನಡೆಯಲು ಬರುವ ಮೌಂಟೇನ್ ಬೈಕ್ ಶೂ ಹಾಕಿಕೊಳ್ಳಿ. ರೋಡ್ ಶೂವಿನ ಅಡಿಯಲ್ಲಿ ಪೆಡಲ್‌ಗೆ ಸಿಕ್ಕಿಸುವ ಪ್ಲಾಸ್ಟಿಕ್ ಕ್ಲೀಟ್ ಆ ಏರಿನಲ್ಲಿ ನಿಲ್ಲೋದಿಲ್ಲ.

ದಿಕ್ಕಿನ ವಿಷಯ. ಎಲ್ಲರೂ ಹೋಗೋದು ಅಪ್ರದಕ್ಷಿಣವಾಗಿ. ತಿರುಗಿಸಿ ಹೋದರೆ ಹಾರ್ಡ್‌ನಾಟ್ ಮೊದಲೇ ಮುಗಿಯುತ್ತದಲ್ವಾ ಅಂತ ಅನಿಸಬಹುದು. ಮುಗಿಯುತ್ತದೆ, ಆದರೆ ದಣಿಯುವ ಹೊತ್ತಿಗೆ ನೀವು ಹೊರಟ ಜಾಗದಿಂದ ಅತಿ ದೂರದ ಪಶ್ಚಿಮದಲ್ಲಿರುತ್ತೀರಿ. ಮಾಮೂಲಿ ದಿಕ್ಕಿನಲ್ಲಿ ಕೆಸ್ವಿಕ್ ಪಟ್ಟಣ ಮೊದಲು 55 ಕಿ.ಮೀ. ಆಸುಪಾಸಿನಲ್ಲಿ ಸಿಗುತ್ತದೆ. ಹೊನಿಸ್ಟರ್, ನ್ಯೂಲ್ಯಾಂಡ್ಸ್ ಮುಗಿಸಿ ಬ್ರೇತ್‌ವೇಟ್ ಹಳ್ಳಿಗೆ ಇಳಿದಾಗ ಕೆಸ್ವಿಕ್ ಮತ್ತೆ ಪಕ್ಕದಲ್ಲೇ. ಸಾಕು ಅನಿಸಿದರೆ ಅಲ್ಲಿಂದ ಥರ್ಲ್‌ಮಿಯರ್ ಕೆರೆ ಪಕ್ಕದ ಎ591 ರಸ್ತೆ ಹಿಡಿದು ಗ್ರಾಸ್‌ಮಿಯರ್ ಸೇರಬಹುದು. ಅದೂ ನೂರು ಚಿಲ್ಲರೆ ಕಿಲೋಮೀಟರಿನ ಒಳ್ಳೆ ಸವಾರಿಯೇ. ವಿನ್‌ಲ್ಯಾಟರ್ ದಾಟಿದಿರೋ, ಸುಲಭದ ವಾಪಸ್ ದಾರಿ ಇಲ್ಲ. ಹಾರ್ಡ್‌ನಾಟ್ ಬುಡದ ಎಸ್ಕ್‌ಡೇಲ್ ಕಣಿವೆಯಲ್ಲಿ ಪುಟ್ಟ ರೈಲು ಓಡುತ್ತದೆ ನಿಜ, ಆದರೆ ಅದು ಹೋಗೋದು ಸಮುದ್ರದ ಕಡೆಗೆ, ರೇವನ್‌ಗ್ಲಾಸ್‌ಗೆ.

ಇನ್ನೊಂದು ಕಾರಣ ಗಾಳಿ. ಇಲ್ಲಿ ಜಾಸ್ತಿ ಬೀಸೋದು ಪಶ್ಚಿಮದ ಗಾಳಿ. ಎನರ್ಡೇಲ್ ಬ್ರಿಜ್ ಆದ ಮೇಲೆ ಬರುವ ಕೋಲ್ಡ್ ಫೆಲ್ ಏರಿನಲ್ಲಿ ಒಂದು ಮರದ ಮರೆಯೂ ಇಲ್ಲ. ಹೆಸರಾಂತ ಆರರ ಪಟ್ಟಿಯಲ್ಲಿ ಇಲ್ಲದಿದ್ದರೂ ಕಾಲು ಸೋಲಿಸೋದು ಇದೇ ಅಂತ ನನ್ನ ಅಭಿಪ್ರಾಯ. ಆಮೇಲೆ ಗಾಸ್ಫರ್ತ್‌ನಿಂದ ಪೂರ್ವಕ್ಕೆ ತಿರುಗಿದಾಗ ಅದೇ ಗಾಳಿ ಬೆನ್ನಿಗೆ ಬರುತ್ತದೆ.

ಬೆಳಿಗ್ಗೆ 5:30ಕ್ಕೆ ಹೊರಡಿ, ಜೂನ್‌ನಲ್ಲಿ ಅಷ್ಟು ಹೊತ್ತಿಗೆ ಬೆಳಕಾಗಿರುತ್ತದೆ. ಬ್ರೇತ್‌ವೇಟ್‌ನಲ್ಲಿ 11ರ ಒಳಗೆ ಇದ್ದರೆ ಮುಂದೆ ಹೋಗಿ. 12 ದಾಟಿದ್ದರೆ ಕೆಸ್ವಿಕ್‌ಗೆ ತಿರುಗಿ. ತಿನ್ನೋದನ್ನು ಕೆಸ್ವಿಕ್‌ನಲ್ಲಿ ತುಂಬಿಸಿಕೊಳ್ಳಿ, ಪಶ್ಚಿಮಕ್ಕೆ ಹೋದಂತೆ ಅಂಗಡಿ ಕಡಿಮೆ. ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಬೇಕು. ಖರ್ಜೂರ, ಬಾಳೆಹಣ್ಣು, ಕಡಲೆಮಿಠಾಯಿ ಯಾವುದಾದರೂ ಸರಿ. ಮಳೆ ಜಾಕೆಟ್ ಬಿಡಬೇಡಿ. ಹೊನಿಸ್ಟರ್ ಬುಡದ ಹತ್ತಿರದ ಸೀಥ್‌ವೇಟ್ ಇಂಗ್ಲೆಂಡಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರು.

ಹಾರ್ಡ್‌ನಾಟ್ ಇಳಿಜಾರು ಏರಿಗಿಂತ ಅಪಾಯ. ರಸ್ತೆ ಒರಟು, ಕೈ ಸೋತಿರುತ್ತದೆ, ತಿರುವಿನಾಚೆ ಹರ್ಡ್‌ವಿಕ್ ಕುರಿ ಮಲಗಿರಬಹುದು. ಹೊರಡುವ ಹಿಂದಿನ ವಾರವೇ ಬ್ರೇಕ್ ಪ್ಯಾಡ್ ಹೊಸದು ಹಾಕಿಸಿ. ಕಾಕ್ಲಿ ಬೆಕ್‌ಗೆ ಇಳಿದ ಮೇಲೂ ರೈನೋಸ್ ಬಾಕಿ ಇರುತ್ತದೆ.

ಶನಿವಾರ, ಭಾನುವಾರ ಬೇಡ. ಹಾರ್ಡ್‌ನಾಟ್ ಒಂದೇ ಕಾರು ಹೋಗುವಷ್ಟು ಅಗಲದ ರಸ್ತೆ. ಎದುರು ಬದುರು ಎರಡು ಕಾರು ಸಿಕ್ಕಿಕೊಂಡರೆ ಶೇ 30ರ ಏರಿನಲ್ಲಿ ನೀವೂ ನಿಲ್ಲಬೇಕು, ನಿಂತರೆ ಮತ್ತೆ ಹತ್ತಿ ಹೊರಡೋದು ಅಸಾಧ್ಯವೇ ಸರಿ. ಮಂಗಳವಾರಕ್ಕೋ ಬುಧವಾರಕ್ಕೋ ಒಂದು ರಜೆ ಹಾಕಿ.