ದೇವರ ಚಿತ್ತ ಗೊತ್ತಾಗದಿರುವಾಗ ದೇವರನ್ನು ನಂಬುವುದು ಹೇಗೆ?

ನಿಮ್ಮ ಪ್ರಶ್ನೆ ಇದು: ಎರಡು ವರ್ಷದಿಂದ ಪ್ರಾರ್ಥಿಸುತ್ತಿದ್ದರೂ ಕೆಲಸ ಹೋಯಿತು, ನಿಶ್ಚಯವಾಗಿದ್ದ ಮದುವೆ ಮುರಿಯಿತು. ಸಭೆಯಲ್ಲಿ ಎಲ್ಲರೂ ಯೆರೆಮೀಯ 29:11 ಹೇಳಿ, ‘ದೇವರಿಗೊಂದು ಉದ್ದೇಶವಿದೆ’ ಎನ್ನುತ್ತಾರೆ. ಈಗ ದೂರದ ಊರಿನಲ್ಲಿ ಕೆಲಸ ಸಿಗುವಂತಿದೆ, ಅದು ದೇವರ ಚಿತ್ತವೋ ಅಲ್ಲವೋ ತಿಳಿಯುತ್ತಿಲ್ಲ.

ಮೊದಲು ಆ ವಚನವನ್ನೇ ನೋಡೋಣ. ಹಿತವಾದ, ನಿರೀಕ್ಷೆ ಕೊಡುವ ಆಲೋಚನೆಗಳನ್ನು ದೇವರು ಇಟ್ಟುಕೊಂಡಿದ್ದಾನೆ ಎನ್ನುವ ಆ ಮಾತು ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರದಲ್ಲಿದೆ. ಅದರ ಹಿಂದಿನ ವಚನವನ್ನು ಯಾರೂ ಗೋಡೆಗೆ ತೂಗುಹಾಕುವುದಿಲ್ಲ: ಬಿಡುಗಡೆಗೆ 70 ವರ್ಷ ಹಿಡಿಯುತ್ತದೆ. ಅಂದರೆ ಪತ್ರ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಬಾಬೆಲಿನಲ್ಲೇ ಸಾಯುವವರು. ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಹೇಳಿದ್ದ. ಕೇಳಲು ಹಿತವಾಗಿದ್ದ ಆ ಮಾತೇ ಸುಳ್ಳಾಗಿತ್ತು. ಹಾಗಾದರೆ ಆ 70 ವರ್ಷ ಮಾಡುವುದೇನು? 5ರಿಂದ 7ನೇ ವಚನಗಳಲ್ಲಿದೆ: ಮನೆ ಕಟ್ಟಿರಿ, ತೋಟ ಮಾಡಿ ಅದರ ಫಲ ತಿನ್ನಿರಿ, ಮದುವೆಯಾಗಿ ಮಕ್ಕಳನ್ನು ಪಡೆಯಿರಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ. ಆದ್ದರಿಂದ ಈ ವಾಗ್ದಾನವನ್ನು ‘ನನ್ನ ಕೆಲಸ, ನನ್ನ ಮದುವೆ ಬೇಗ ಕೂಡಿಬರುತ್ತದೆ’ ಎಂದು ಓದಿದರೆ ನಿರಾಸೆ ಕಾದಿಟ್ಟದ್ದೇ. ಆಗ ದೇವರು ಮಾತು ತಪ್ಪಿದ ಹಾಗೆ ಕಾಣುತ್ತದೆ, ಆದರೆ ಆ ಮಾತನ್ನು ಆತ ಕೊಟ್ಟೇ ಇರಲಿಲ್ಲ.

ರೋಮಾಪುರ 8:28ಕ್ಕೂ ಇದೇ ಗತಿಯಾಗುತ್ತದೆ. ಎಲ್ಲವೂ ಹಿತಕ್ಕಾಗಿ ಎಂಬಲ್ಲಿ ಆ ‘ಹಿತ’ ಏನೆಂದು 29ನೇ ವಚನ ಹೇಳುತ್ತದೆ: ಕ್ರಿಸ್ತನ ಸಾರೂಪ್ಯಕ್ಕೆ ಬರುವುದು, ಅಂದರೆ ಆತನಂತಾಗುವುದು. ಸಂಬಳ, ಸಂಗಾತಿ, ಆರೋಗ್ಯ ಇವೆಲ್ಲ ಕೇಳಬೇಕಾದವುಗಳೇ, ಧಾರಾಳವಾಗಿ ಕೇಳಿ. ಆದರೆ ಆ ವಚನ ಖಾತ್ರಿ ಕೊಡುವುದು ಬೇರೊಂದಕ್ಕೆ.

ಇನ್ನು ಉದ್ದೇಶ ತಿಳಿಯುವ ವಿಷಯ. ಧರ್ಮೋಪದೇಶಕಾಂಡ 29:29 ಗುಪ್ತವಾದವು ದೇವರವು, ಪ್ರಕಟವಾದವು ನಮ್ಮವು ಎಂದು ಗೆರೆ ಎಳೆದುಬಿಡುತ್ತದೆ. ನಿಮ್ಮ ಬದುಕಿನ ಪೂರ್ತಿ ನಕ್ಷೆ ಮೊದಲ ಪಾಲಿಗೆ ಸೇರಿದ್ದು. ಅಣ್ಣಂದಿರೇ ಮಾರಿಬಿಟ್ಟು, ಐಗುಪ್ತದಲ್ಲಿ ದಾಸನಾಗಿ ಸೆರೆಮನೆ ಸೇರಿದ ಯೋಸೇಫನ ಲೆಕ್ಕ ಹಾಕಿ ನೋಡಿ. ಕಥೆ ಶುರುವಾಗುವಾಗ ಅವನಿಗೆ 17, ಫರೋಹನ ಮುಂದೆ ನಿಂತಾಗ 30. ‘ನೀವು ಕೇಡನ್ನು ಎಣಿಸಿದಿರಿ, ದೇವರು ಅದನ್ನೇ ಮೇಲಿಗಾಗಿ ಎಣಿಸಿದನು’ ಎಂದು ಅಣ್ಣಂದಿರಿಗೆ ಹೇಳಿದ್ದು ತಂದೆ ಸತ್ತ ಮೇಲೆ, ಸುಮಾರು 56ನೇ ವಯಸ್ಸಿನಲ್ಲಿ. ಸೆರೆಮನೆಯಲ್ಲಿದ್ದಾಗ ಈ ಮಾತು ಅವನ ಬಾಯಲ್ಲಿ ಬರಲಿಲ್ಲ. ಅಲ್ಲಿ ಜೊತೆಗೆ ಸೆರೆಯಲ್ಲಿದ್ದ ಫರೋಹನ ಪಾನದಾಯಕನಿಗೆ ಅವನು ಹೇಳಿದ್ದು, ನನ್ನನ್ನು ನೆನಪಿಟ್ಟುಕೊಂಡು ಇಲ್ಲಿಂದ ಬಿಡಿಸು ಎಂದು. ಹೊರಬರಲು ಪ್ರಯತ್ನಿಸುವುದು ಅಪನಂಬಿಕೆಯಲ್ಲ. ಇನ್ನೊಂದನ್ನೂ ಗಮನಿಸಿ: ಕೇಡನ್ನು ಅವನು ಕೇಡು ಎಂದೇ ಕರೆದ. ಗಾಯ ಹಸಿಯಾಗಿರುವವರಿಗೆ ‘ಎಲ್ಲ ಒಳ್ಳೆಯದಕ್ಕೇ’ ಎನ್ನುವವರು ಈ ಅರ್ಧ ಭಾಗವನ್ನು ಬಿಟ್ಟುಬಿಡುತ್ತಾರೆ, ಅದು ನನಗೆ ನಿಜಕ್ಕೂ ನೋವಿನ ವಿಷಯ.

ಈಗ ಕೆಲಸದ ಮಾತು. ಕಣ್ಣುಮುಚ್ಚಿ ಬೈಬಲ್ ತೆರೆದು ಬೆರಳಿಡುವುದು, ‘ನಾಳೆ ಫೋನ್ ಬಂದರೆ ಹೋಗುತ್ತೇನೆ’ ಎಂದು ಗುರುತು ಕೇಳುವುದು, ಇವೆರಡೂ ಬೇಡ. ಗಿದ್ಯೋನನು ದೇವರಿಂದ ಗುರುತು ಕೇಳಿ ರಾತ್ರಿ ಉಣ್ಣೆ ಹಾಸಿದ್ದನ್ನು ಉದಾಹರಣೆ ಕೊಡುತ್ತಾರೆ, ಆದರೆ ದೇವರು ಅವನಿಗೆ ಅದಕ್ಕೆ ಮುಂಚೆಯೇ ಸ್ಪಷ್ಟವಾಗಿ ಹೇಳಿಯಾಗಿತ್ತು. ಉಣ್ಣೆ ಅವನ ಅಂಜಿಕೆಗೆ, ಅವನು ದಾರಿ ಹುಡುಕುತ್ತಿರಲಿಲ್ಲ.

ಉತ್ತರ ಕೊಡಲು ಹತ್ತು ದಿನವಿದೆ ಎಂದಿಟ್ಟುಕೊಳ್ಳಿ. ಎಂಟನೆಯ ದಿನವನ್ನು ತೀರ್ಮಾನದ ದಿನವೆಂದು ಈಗಲೇ ಬರೆದಿಡಿ, ಇಲ್ಲದಿದ್ದರೆ ‘ದೇವರಿಗಾಗಿ ಕಾಯುತ್ತಿದ್ದೇನೆ’ ಎನ್ನುವುದು ಹೆದರಿಕೆಗೆ ಹೊದಿಸಿದ ಹೊದಿಕೆಯಾಗುತ್ತದೆ. ಆ ಕೆಲಸದಲ್ಲಿ ಸುಳ್ಳು, ಮೋಸ ಮಾಡಲೇಬೇಕಾಗುತ್ತದೆಯೇ? ಹೌದಾದರೆ ಅಲ್ಲಿಗೇ ಮುಗಿಯಿತು, ಪ್ರಾರ್ಥಿಸಿ ತಿಳಿಯುವುದೇನೂ ಉಳಿದಿಲ್ಲ. ಇಲ್ಲವಾದರೆ ನಿಮ್ಮ ಮೇಲಿರುವ ಹೊಣೆಗಳನ್ನು ಬರೆಯಿರಿ: ಸಾಲ, ವಯಸ್ಸಾದ ತಂದೆತಾಯಿ, ಕೊಟ್ಟ ಮಾತು. ಹೋದರೆ ಇವುಗಳಲ್ಲಿ ಯಾವುದು ಕೆಡುತ್ತದೆ, ಯಾವುದು ಸುಧಾರಿಸುತ್ತದೆ? ಆಮೇಲೆ ಇಬ್ಬರನ್ನು ಕೇಳಿ. ಅವರಲ್ಲಿ ಒಬ್ಬರಾದರೂ ನಿಮಗೆ ಇಷ್ಟವಾಗದ್ದನ್ನು ಮುಖಕ್ಕೆ ಹೇಳುವವರಾಗಿರಲಿ. ‘ಹೋಗಬೇಕೆಂದು ದೇವರೇ ನನಗೆ ಹೇಳಿದ’ ಎಂದು ಮೊದಲೇ ಹೇಳಿಬಿಟ್ಟರೆ ಯಾರೂ ಬಾಯಿ ತೆರೆಯಲಾರರು. ಯಾಕೋಬ 1:5 ಕೇಳಲು ಹೇಳುವುದು ಜ್ಞಾನವನ್ನು, ಅದನ್ನು ದಿನವೂ ಕೇಳಿ. ಎಂಟನೆಯ ದಿನ, ಎರಡು ದಾರಿಯೂ ಸರಿಯೆನಿಸಿದರೆ, ನಿಮ್ಮ ಮನಸ್ಸಿಗೆ ಬಂದದ್ದನ್ನು ಆರಿಸಿಕೊಳ್ಳಲು ನಿಮಗೆ ಸ್ವಾತಂತ್ರ್ಯವಿದೆ.

ಹೋದ ಮೇಲೆ ಕಷ್ಟ ಬಂದರೆ ‘ತಪ್ಪು ದಾರಿ ಹಿಡಿದೆ’ ಎಂದು ತಕ್ಷಣ ತೀರ್ಮಾನಿಸಬೇಡಿ. ಅಪೊಸ್ತಲರ ಕೃತ್ಯಗಳು 16ರಲ್ಲಿ ಸುವಾರ್ತೆ ಸಾರಲು ಹೊರಟ ಪೌಲನಿಗೆ ಆಸ್ಯ ಸೀಮೆಯ ದಾರಿ ಮುಚ್ಚಿತು, ಬಿಥೂನ್ಯದ ದಾರಿಯೂ ಮುಚ್ಚಿತು. ತ್ರೋವ ಪಟ್ಟಣದಲ್ಲಿ, ಬಂದು ಸಹಾಯ ಮಾಡು ಎಂದು ಕರೆಯುವ ಮಕೆದೋನ್ಯ ಸೀಮೆಯವನ ದರ್ಶನವಾಯಿತು, ಜೊತೆಗಾರರೆಲ್ಲ ಸೇರಿ ನಿಶ್ಚಯಿಸಿ ಹೊರಟರು. ದೇವರೇ ಕರೆದ ಆ ಸೀಮೆಯ ಫಿಲಿಪ್ಪಿಯಲ್ಲಿ ಅವನಿಗೆ ಸಿಕ್ಕಿದ್ದು ಏಟು, ಸೆರೆ, ಕಾಲಿಗೆ ಕೋಳ.

ಮದುವೆ ಮುರಿದ ದುಃಖಕ್ಕೆ ಇದ್ಯಾವುದೂ ಮದ್ದಲ್ಲ, ನನಗೆ ಗೊತ್ತು. ಅದಕ್ಕೆ 13ನೇ ಕೀರ್ತನೆ ತೆಗೆಯಿರಿ. ಆರೇ ವಚನ. ಮೊದಲ ಎರಡು ಬರೀ ದೂರು, ‘ಎಷ್ಟರವರೆಗೆ’ ಎಂಬ ಕೂಗು ನಾಲ್ಕು ಸಲ ಬರುತ್ತದೆ. ಮುಂದಿನ ಎರಡು ಬೇಡಿಕೆ. ಭರವಸೆಯ ಮಾತು ಬರುವುದು 5ನೆಯದರಲ್ಲಿ. ಇದೇ ಕ್ರಮದಲ್ಲಿ ನಿಮ್ಮ ಮಾತಲ್ಲಿ ಪ್ರಾರ್ಥಿಸಿ, ಹೆಸರು ಹಿಡಿದು, ಆದದ್ದನ್ನು ಆದ ಹಾಗೇ ಹೇಳಿ. ಅನೇಕರು ದೂರನ್ನು ನುಂಗಿ ನೇರವಾಗಿ 5ಕ್ಕೆ ಹಾರುತ್ತಾರೆ. ಆಗ ಬಾಯಿ ಸ್ತೋತ್ರ ಹೇಳುತ್ತದೆ, ಒಳಗೆ ದೇವರ ಮೇಲಿನ ಸಿಟ್ಟು ಹಾಗೇ ಕೂತಿರುತ್ತದೆ. ನಿದ್ದೆ, ಊಟ ವಾರಗಟ್ಟಲೆ ಕೆಟ್ಟಿದ್ದರೆ ವೈದ್ಯರ ಬಳಿಯೂ ಹೋಗಿ, ಅದು ನಂಬಿಕೆಯ ಕೊರತೆಯಲ್ಲ. ಬದುಕೇ ಬೇಡವೆನಿಸಿದರೆ ಇವತ್ತೇ ಹತ್ತಿರದ ಒಬ್ಬರಿಗೆ ಬಾಯಿಬಿಟ್ಟು ಹೇಳಿ.

ಕೆಲವು ರಾತ್ರಿ 5ನೇ ವಚನ ಬಾಯಿಗೆ ಬಾರದು. 4ಕ್ಕೇ ನಿಲ್ಲಿಸಿ ಮಲಗಿ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಅದೂ ಪ್ರಾರ್ಥನೆಯೇ.