ಫಾರ್ಮ್ಯಾಟ್ ಹೊಡೆದು ಅಪ್‌ಗ್ರೇಡ್ ಅಂದರೆ ಹೇಗೆ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಲ್ಲಿಂದೀಚೆಗೆ ದಾವಣಗೆರೆ, ಹರಿಹರ, ಜಗಳೂರು, ಹೊಳಲ್ಕೆರೆ ಎಲ್ಲಿಂದ ಪತ್ರ ಬಂದರೂ ಅದೇ ಗೋಳು: ವಿಂಡೋಸ್ 11 ಹಾಕಿಸಿದೆ, ಅದು ಹೋಯಿತು, ಇದು ಹೋಯಿತು. ಈ ಸಲ ಒಂದು ಪತ್ರಕ್ಕೆ ಮಾತ್ರ ಪೂರ್ತಿ ಉತ್ತರ ಕೊಡುತ್ತೇನೆ. ಅದರಲ್ಲಿರುವ ಅನ್ಯಾಯ ವಾರಕ್ಕೆ ಎರಡು ಮೂರು ಸಲ ನನ್ನ ಮೇಜಿನ ಮೇಲೆ ಬಂದು ಕೂರುತ್ತಿದೆ. ಫೈಲ್ ಕಾಪಿ ಮಾಡುವುದು ಹೇಗೆ, ಸೆಟ್ಟಿಂಗ್ಸ್ ಎಲ್ಲಿದೆ ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಮನೆಯಲ್ಲಿ ಹೈಸ್ಕೂಲು ಓದುವವರಿದ್ದರೆ ಅವರೇ ತೋರಿಸುತ್ತಾರೆ.

ಪ್ರಶ್ನೆ: ನಾನು ನಿವೃತ್ತ ಕನ್ನಡ ಶಿಕ್ಷಕಿ, ದಾವಣಗೆರೆಯ ವಿದ್ಯಾನಗರದಲ್ಲಿದ್ದೇನೆ. 2019ರಲ್ಲಿ ಮಗ ಕೊಡಿಸಿದ ಕಂಪ್ಯೂಟರಿಗೆ ವಿಂಡೋಸ್ 11 ಹಾಕಿಸಲು ಅಂಗಡಿಗೆ ಕೊಟ್ಟೆ. ಒಂದೇ ದಿನದಲ್ಲಿ ಮಾಡಿಕೊಟ್ಟರು. ಡೆಸ್ಕ್‌ಟಾಪಿನಲ್ಲಿದ್ದ ಮೊಮ್ಮಗಳ ನಾಮಕರಣದ ಫೋಟೋಗಳು ಈಗ ಇಲ್ಲ. ಡಿ ಡ್ರೈವಿನಲ್ಲಿದ್ದ ನನ್ನ ಪಾಠದ ಟಿಪ್ಪಣಿಗಳು ಇವೆ, ಆದರೆ ತೆರೆದರೆ ಏನೇನೋ ಇಂಗ್ಲಿಷ್ ಚಿಹ್ನೆಗಳು. ಅಂಗಡಿಯ ಹುಡುಗ ‘ಹನ್ನೊಂದಕ್ಕೆ ಹಳೇ ಕನ್ನಡ ಬರಂಗಿಲ್ಲ ಮೇಡಂ, ಫೈಲ್ ಕರಪ್ಟ್ ಆಗ್ಯಾವು, ಡಿಲೀಟ್ ಮಾಡಿಬಿಡ್ರಿ’ ಅಂದ. ವಾಪಸ್ 10 ಹಾಕಿಸಲೇ?

ಮೇಡಂ, ಡಿಲೀಟ್ ಮಾಡಬೇಡಿ. ಈಗಾಗಲೇ ಮಾಡಿದ್ದರೆ ರೀಸೈಕಲ್ ಬಿನ್ ತೆರೆದು ವಾಪಸ್ ತನ್ನಿ. ನಿಮ್ಮ ಟಿಪ್ಪಣಿಗಳಿಗೆ ಏನೂ ಆಗಿಲ್ಲ.

ಆ ಚಿಹ್ನೆಗಳನ್ನು ಒಮ್ಮೆ ಸಾವಧಾನವಾಗಿ ನೋಡಿ. ನೀವು ‘ಕನ್ನಡ’ ಎಂದು ಬರೆದಿದ್ದ ಜಾಗದಲ್ಲಿ ಮೊದಲು ಇಂಗ್ಲಿಷಿನ ದೊಡ್ಡ ಪಿ, ಪಕ್ಕದಲ್ಲಿ ತಲೆಯ ಮೇಲೆ ಓರೆಗೆರೆ ಹೊತ್ತ ಎ, ಆಮೇಲೆ ಪೌಂಡ್ ನಾಣ್ಯದ ಗುರುತು, ಮತ್ತೆ ಅದೇ ಎ, ನಂತರ ಬಾಲ ಬಿಟ್ಟ ಬಿ ತರಹದ ಒಂದು ಜರ್ಮನ್ ಅಕ್ಷರ, ಸಣ್ಣ ಕ್ಯು, ಕೊನೆಗೆ ಮತ್ತೆ ಅದೇ ಎ ಇರುತ್ತದೆ. ಪಿ ಎಂದರೆ ತಲೆಕಟ್ಟು ಇಲ್ಲದ ಕಕಾರ. ಓರೆಗೆರೆಯ ಎ ಎಂದರೆ ತಲೆಕಟ್ಟು. ಪೌಂಡು ನಕಾರ, ಜರ್ಮನ್ ಅಕ್ಷರ ನ-ಒತ್ತು, ಕ್ಯು ಡಕಾರ. ಒಂದೂ ತಪ್ಪಿಲ್ಲ, ಒಂದೂ ಬಿಟ್ಟುಹೋಗಿಲ್ಲ. ಮಕ್ಕಳಿಗೆ ಒತ್ತಕ್ಷರ ಬಿಡಿಸಿ ಹೇಳಿಕೊಟ್ಟವರು ನೀವು, ಎರಡು ಸಾಲು ಓದಿದರೆ ನಿಮಗೇ ಗೊತ್ತಾಗುತ್ತದೆ.

ಕನ್ನಡ ಟೈಪ್ ಮಾಡಲು ಬಳಸುತ್ತಿದ್ದ ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಹೀಗೇ ಉಳಿಯುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಸಾಲು. ‘ನುಡಿ 01 ಇ’ಯಂಥ ಫಾಂಟು ಆ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಬರೆದು ತೋರಿಸುತ್ತದೆ, ಅಷ್ಟೆ. ಫಾಂಟು ಇದ್ದದ್ದು ಸಿ ಡ್ರೈವಿನಲ್ಲಿ, ವಿಂಡೋಸ್ ಫೋಲ್ಡರಿನ ಒಳಗೆ. ಆ ಹುಡುಗ ಸಿ ಡ್ರೈವನ್ನು ಅಳಿಸಿದಾಗ ಅದೂ ಹೋಯಿತು. ಮೊದಲು ಕೆಳಗೆ ಹೇಳಿದ ಹಾಗೆ ಫೋಟೋ ಹುಡುಕಿಸಿ, ಅದು ಮುಗಿದ ಮೇಲೆ ನುಡಿ ಮತ್ತೆ ಹಾಕಿಕೊಳ್ಳಿ, ಅಥವಾ ಪರಿಚಯದವರ ಕಂಪ್ಯೂಟರಿನಿಂದ ಆ ಫಾಂಟ್ ಫೈಲುಗಳನ್ನು ತಂದು ಇನ್‌ಸ್ಟಾಲ್ ಮಾಡಿ, ವರ್ಡ್ ಮುಚ್ಚಿ ತೆರೆಯಿರಿ. ಅಕ್ಷರ ಎದ್ದು ಬರುತ್ತವೆ. ಹತ್ತು ನಿಮಿಷದ ಕೆಲಸ. ಇದು ಗೊತ್ತಿಲ್ಲದೆ ‘ಕರಪ್ಟ್’ ಎಂದು ತೀರ್ಪು ಕೊಡುವವರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. ಮೂವತ್ತು ವರ್ಷದ ಪಾಠ ಬರೆದಿಟ್ಟವರಿಗೆ ‘ಡಿಲೀಟ್ ಮಾಡಿ’ ಎನ್ನುವ ಮೊದಲು ಗೊತ್ತಿದ್ದವರನ್ನು ಒಂದು ಮಾತು ಕೇಳಬಹುದಿತ್ತು.

ವಿಂಡೋಸ್ 11ಕ್ಕೆ ಕನ್ನಡ ಬರುವುದಿಲ್ಲ ಎಂಬುದು ಹಸಿ ಸುಳ್ಳು. 2001ರ ಎಕ್ಸ್‌ಪಿ ಕಾಲದಿಂದಲೇ ವಿಂಡೋಸ್‌ನಲ್ಲಿ ಯೂನಿಕೋಡ್ ಕನ್ನಡ ಇದೆ. ಆಗ ತುಂಗಾ ಫಾಂಟು, ಈಗ ನಿರ್ಮಲಾ. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ, ಇಂಗ್ಲಿಷಿನ ಜಾಗದಲ್ಲಿ ಅಡಗಿ ಕೂರುವ ಅಗತ್ಯವಿಲ್ಲ. ನಿಮ್ಮ ಫೈಲು ಯಾವ ಜಾತಿಯದು ಎಂದು ತಿಳಿಯಲು ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿ ನೋಡಿ. ಕನ್ನಡವಾಗಿ ಕಂಡರೆ ಯೂನಿಕೋಡ್, ಚಿಹ್ನೆಗಳಾಗಿ ಕಂಡರೆ ಹಳೆಯ ನುಡಿ.

ಟಿಪ್ಪಣಿಗಳನ್ನು ಯೂನಿಕೋಡಿಗೆ ಬದಲಿಸಿಕೊಳ್ಳುವುದು ಒಳ್ಳೆಯದು. ನುಡಿಯಲ್ಲೂ ‘ಬರಹ’ ಎಂಬ ಇನ್ನೊಂದು ಕನ್ನಡ ತಂತ್ರಾಂಶದಲ್ಲೂ ಅದಕ್ಕೆ ಪರಿವರ್ತಕ ಇದೆ. ಆದರೆ ಮೂಲ ಫೈಲುಗಳನ್ನು ಬೇರೆ ಫೋಲ್ಡರಿನಲ್ಲಿ ಹಾಗೇ ಇಡಿ. ಪರಿವರ್ತಕಗಳು ಅರ್ಕಾವತ್ತಿನಲ್ಲಿ ಎಡವುತ್ತವೆ, ನಡುವೆ ಬಂದ ಇಂಗ್ಲಿಷ್ ಪದಗಳನ್ನೂ ಕನ್ನಡ ಎಂದು ತಿಳಿದು ಕಲಸಿಬಿಡುತ್ತವೆ. ನಿಮ್ಮದು ಹಳಗನ್ನಡ ಪದ್ಯಗಳಿರುವ ಬರಹವಾದರೆ ಪ್ರತಿ ಪುಟವನ್ನೂ ಕಣ್ಣಾರೆ ನೋಡಬೇಕು. ಅಲ್ಲಿ ಒಂದು ಒತ್ತು ಆಚೀಚೆ ಆದರೂ ಅರ್ಥ ಹೋಗುತ್ತದೆ.

ಇನ್ನು ಫೋಟೋಗಳು. ಇಲ್ಲಿ ನಾನು ಭರವಸೆ ಕೊಡಲಾರೆ, ದಾರಿ ಹೇಳುತ್ತೇನೆ. ಮೊದಲು ಸಿ ಡ್ರೈವ್ ತೆರೆದು ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರ್ ಇದೆಯಾ ನೋಡಿ. ಫಾರ್ಮ್ಯಾಟ್ ಹೊಡೆಯದೆ, ಅಂದರೆ ಡ್ರೈವನ್ನು ಪೂರ್ತಿ ಅಳಿಸದೆ, ಮೇಲೆಯೇ ಹೊಸದನ್ನು ಹಾಕಿದ್ದರೆ ಹಳೆಯ ಡೆಸ್ಕ್‌ಟಾಪ್ ಅದರೊಳಗೆ ‘ಯೂಸರ್ಸ್’ ಫೋಲ್ಡರಿನಲ್ಲಿ ಇರುತ್ತದೆ. ಅದು ಬಹುಕಾಲ ಉಳಿಯುವುದಿಲ್ಲ, ವಿಂಡೋಸ್ ತಾನೇ ಅಳಿಸುತ್ತದೆ. ಹಾಗಾಗಿ ಇವತ್ತೇ ನೋಡಿ. ಇಲ್ಲದಿದ್ದರೆ ಕಂಪ್ಯೂಟರ್ ಆಫ್ ಮಾಡಿ, ಮತ್ತೆ ಆನ್ ಮಾಡಬೇಡಿ. ಬಳಸಿದಷ್ಟೂ ಹಳೆಯ ಫೋಟೋಗಳ ಜಾಗದ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಒಳಗಿರುವುದು ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ ಅದನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ ಹುಡುಕಿದರೆ ಎಷ್ಟೋ ಸಲ ಸಿಗುತ್ತವೆ. ತಿರುಗುವ ಭಾಗವಿಲ್ಲದ, ಚಿಪ್‌ಗಳ ಎಸ್‌ಎಸ್‌ಡಿ ಆಗಿದ್ದರೆ ಕಷ್ಟ. ಅಳಿಸಿದ ಜಾಗವನ್ನು ಅದು ತಾನಾಗಿ ಖಾಲಿ ಮಾಡಿಕೊಂಡುಬಿಡುತ್ತದೆ. ಹುಡುಕುವ ಕೆಲಸವನ್ನು ಅದೇ ಅಂಗಡಿಗೆ ಕೊಡಬೇಡಿ. ಜೊತೆಗೆ, ಆ ಫೋಟೋಗಳನ್ನು ಮಗನಿಗೆ, ಬೀಗರಿಗೆ ಕಳಿಸಿದ್ದಿರಾ ನೆನಪಿಸಿಕೊಳ್ಳಿ. ನಾನು ನೋಡಿದ ಮನೆಗಳಲ್ಲಿ ಅರ್ಧಕ್ಕರ್ಧ ಫೋಟೋ ಸಿಕ್ಕಿದ್ದು ನೆಂಟರ ಮೊಬೈಲಿನಲ್ಲೇ.

ವಾಪಸ್ 10 ಹಾಕಿಸುವ ಮಾತು ಬೇಡವೇ ಬೇಡ. ಹಾಕಿಸಿದರೆ ಇನ್ನೊಂದು ಸಲ ಸಿ ಡ್ರೈವ್ ಅಳಿಸುತ್ತಾರೆ, ಉಳಿದಿರಬಹುದಾದ ಫೋಟೋವೂ ಹೋಗುತ್ತದೆ. ಅಪ್‌ಗ್ರೇಡ್ ಆದ ಹತ್ತು ದಿನದೊಳಗೆ ಹಿಂದಕ್ಕೆ ಹೋಗುವ ಅವಕಾಶ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ ನಿಜ, ಆದರೆ ಅದು ನಿಜವಾಗಿ ಅಪ್‌ಗ್ರೇಡ್ ಮಾಡಿದವರಿಗೆ. ನಿಮಗೆ ಮಾಡಿದ್ದು ಅಪ್‌ಗ್ರೇಡೇ ಅಲ್ಲ.

ಅಪ್‌ಗ್ರೇಡ್ ಎಂದರೆ ಓಡುತ್ತಿರುವ ವಿಂಡೋಸ್ 10ರ ಒಳಗಿನಿಂದಲೇ, ಅಪ್‌ಡೇಟ್ ಪುಟದಿಂದಲೋ ಮೈಕ್ರೋಸಾಫ್ಟ್‌ನ ಇನ್‌ಸ್ಟಾಲೇಶನ್ ಅಸಿಸ್ಟೆಂಟ್ ಮೂಲಕವೋ 11ಕ್ಕೆ ಹೋಗುವುದು. ಫೈಲು, ಫಾಂಟು, ಪ್ರಿಂಟರು, ತಂತ್ರಾಂಶ ಎಲ್ಲ ಇದ್ದಲ್ಲೇ ಇರುತ್ತವೆ. 11 ಬಂದ ವರ್ಷ, 2021ರ ನವೆಂಬರಿನಲ್ಲಿ, ನನ್ನ ಮನೆಯ ಕಂಪ್ಯೂಟರನ್ನು ಹೀಗೇ ಬದಲಿಸಿದೆ. ಭಾನುವಾರ ಬೆಳಿಗ್ಗೆ ಶುರು ಮಾಡಿ, ಯುಪಿಎಸ್ ಬ್ಯಾಟರಿ ಮೊದಲೇ ನೋಡಿಕೊಂಡು, ತಿಂಡಿ ಮುಗಿಸಿ ಬರುವಷ್ಟರಲ್ಲಿ ಅರ್ಧ ಆಗಿತ್ತು. ಮುಗಿದ ಮೇಲೆ ಮೊದಲು ತೆರೆದದ್ದು ಹೆಂಡತಿಯ ಮಹಿಳಾ ಸಂಘದ ಲೆಕ್ಕದ ಫೈಲು. ಅದು ನುಡಿಯಲ್ಲಿತ್ತು. ಒಂದು ಕೊಂಬು, ಒಂದು ದೀರ್ಘ ಆಚೀಚೆ ಆಗದೆ ಹಾಗೇ ತೆರೆಯಿತು. ಅದೇ ತಿಂಗಳು ತಮ್ಮನ ಕಂಪ್ಯೂಟರಿಗೆ ಸಿ ಡ್ರೈವ್ ಅಳಿಸಿ ಹೊಸದಾಗಿ ಹಾಕಬೇಕಾಯಿತು. ಅದರಲ್ಲಿದ್ದದ್ದು 32 ಬಿಟ್‌ನ ವಿಂಡೋಸ್ 10, ಮತ್ತು 11 ಬರುವುದೇ 64 ಬಿಟ್‌ನಲ್ಲಿ, ನೇರ ದಾರಿ ಇಲ್ಲ. ಅಲ್ಲಿ ನಿಮ್ಮ ಹಾಗೇ ಪಿ, ಪೌಂಡು, ಕ್ಯು ಕಂಡವು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಫಾಂಟುಗಳನ್ನು ಮುಂಚೆಯೇ ಹೊರಗಿನ ಡಿಸ್ಕಿಗೆ ತೆಗೆದಿಟ್ಟಿದ್ದರಿಂದ ಸರಿಮಾಡಲು ತಡವಾಗಲಿಲ್ಲ. ಅಷ್ಟು ತೆಗೆದಿಡಲು ನನಗೆ ಹಿಡಿದದ್ದು ನಲವತ್ತು ನಿಮಿಷ. ಅಂಗಡಿಗಳು ಉಳಿಸುವುದು ಈ ನಲವತ್ತು ನಿಮಿಷವನ್ನೇ. ಡೆಸ್ಕ್‌ಟಾಪಿನ ಮೇಲಿರುವುದೆಲ್ಲ ಸಿ ಡ್ರೈವಿನಲ್ಲೇ ಇರುತ್ತದೆ ಎಂದು ಅವರಿಗೆ ಗೊತ್ತು, ನಿಮಗೆ ಗೊತ್ತಿಲ್ಲ, ಹೇಳಬೇಕಾದವರು ಅವರು.

ಅಂಗಡಿಗೆ ಕೊಡಲೇಬೇಕಾದರೆ ‘ಫಾರ್ಮ್ಯಾಟ್ ಮಾಡುವುದಿಲ್ಲ’ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದುಕೊಡದಿದ್ದರೆ ಕಂಪ್ಯೂಟರ್ ಎತ್ತಿಕೊಂಡು ಮನೆಗೆ ಬನ್ನಿ.

ಪ್ರಶ್ನೆ: ಯೂನಿಕೋಡ್‌ನಲ್ಲೇ ಬರೆದ ಫೈಲು ಹೊಸ ವಿಂಡೋಸ್‌ನಲ್ಲಿ ತೆರೆಯುತ್ತದೆ, ಆದರೆ ಸಾಲುಗಳೆಲ್ಲ ಸರಿದು ಪುಟ ಹೆಚ್ಚಾಗಿದೆ. (ಚಿತ್ರದುರ್ಗ)

ತುಂಗಾ ಫಾಂಟು ಇಲ್ಲದ್ದಕ್ಕೆ ಬೇರೆಯದು ಬಂದು ಕೂತಿದೆ. ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಸೇರಿಸಿ.

ಪ್ರಶ್ನೆ: 11 ಹಾಕದಿದ್ದರೆ ಕಂಪ್ಯೂಟರ್ ಬಂದ್ ಆಗುತ್ತದೆ ಎಂದು ವಾಟ್ಸಾಪಿನಲ್ಲಿ ಬಂದಿದೆ.

ಆಗುವುದಿಲ್ಲ. ನಿಂತಿರುವುದು ಭದ್ರತಾ ಅಪ್‌ಡೇಟು. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿ, ಅಪ್‌ಡೇಟ್ ಪುಟದಲ್ಲಿ ನೋಂದಾಯಿಸಿಕೊಂಡರೆ ಮನೆ ಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಅದೂ ದುಡ್ಡಿಲ್ಲದೆ ಸಿಗುವ ಹಾಗೆ ಮಾಡಿದ್ದಾರೆ.

ಪ್ರಶ್ನೆ: ಮುನ್ನೂರು ರೂಪಾಯಿಗೆ ವಿಂಡೋಸ್ 11ರ ಕೀ ಕೊಡುತ್ತೇನೆ ಅನ್ನುತ್ತಾರೆ, ತಗೊಳ್ಳಲೇ?

ಬೇಡ. ಅಸಲಿ ವಿಂಡೋಸ್ 10 ಇದ್ದರೆ 11 ಪುಕ್ಕಟೆ. ಆಂಟಿವೈರಸ್ ಆಫ್ ಮಾಡಿ, ನಕಲಿಯನ್ನು ಅಸಲಿ ಎಂದು ತೋರಿಸುವ ಆಕ್ಟಿವೇಟರ್ ಓಡಿಸುವವರಂತೂ ನಿಮ್ಮ ಬ್ಯಾಂಕಿನ ಬಾಗಿಲನ್ನೇ ತೆಗೆದಿಟ್ಟು ಹೋಗುತ್ತಾರೆ.

ಪ್ರಶ್ನೆ: ಸ್ಟಾರ್ಟ್ ಬಟನ್ ನಡುವೆ ಬಂದಿದೆ.

ಟಾಸ್ಕ್‌ಬಾರ್ ಸೆಟ್ಟಿಂಗ್ಸ್, ಅಲೈನ್‌ಮೆಂಟ್, ಲೆಫ್ಟ್.

ಪ್ರಶ್ನೆ: ಟಿಪಿಎಂ ಚಿಪ್ ಇಲ್ಲ, ಹೊಸ ಕಂಪ್ಯೂಟರ್ ತಗೊಳ್ಳಿ ಎಂದು ಅಂಗಡಿಯವರು ಹೇಳಿದರು. ನನ್ನದು ಇಂಟೆಲ್‌ನ ಒಂಬತ್ತನೇ ತಲೆಮಾರಿನ ಐ5. (ಹರಿಹರ)

ತಗೊಳ್ಳಬೇಡಿ. ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನಿಂದ ಈಚಿನವಕ್ಕೆ 11 ಒಗ್ಗುತ್ತದೆ. 11 ಕೇಳುವ ಭದ್ರತಾ ವ್ಯವಸ್ಥೆಯಾದ ಟಿಪಿಎಂ ನಿಮ್ಮ ಪ್ರೊಸೆಸರ್ ಜೊತೆಗೇ ಇದೆ, ಬಯೋಸ್‌ನಲ್ಲಿ (ವಿಂಡೋಸ್ ಏಳುವ ಮೊದಲೇ ತೆರೆಯುವ ಮೂಲ ಸೆಟ್ಟಿಂಗ್ಸ್‌ನಲ್ಲಿ) ‘ಪಿಟಿಟಿ’ ಎಂಬ ಹೆಸರಲ್ಲಿ ಬಂದ್ ಆಗಿ ಕೂತಿದೆ. ಎಎಂಡಿಯವರಿಗೆ ಅದೇ ‘ಎಫ್‌ಟಿಪಿಎಂ’. ಆನ್ ಮಾಡಿದರೆ ಮುಗಿಯಿತು. ಆದರೆ ಅದೇ ಕೈಯಲ್ಲಿ ಬಯೋಸ್‌ನಲ್ಲೇ ಇರುವ ಸೆಕ್ಯೂರ್ ಬೂಟ್ ಎಂಬ ಇನ್ನೊಂದು ಭದ್ರತಾ ಸೆಟ್ಟಿಂಗ್ ಮುಟ್ಟುವ ಮೊದಲು, ಡಿಸ್ಕಿನ ಜಾಗ ಹಂಚಿರುವುದು ಹಳೆಯ ಎಂಬಿಆರ್ ರೀತಿಯಲ್ಲೋ ಹೊಸ ಜಿಪಿಟಿ ರೀತಿಯಲ್ಲೋ ನೋಡಿಸಿ. ಎಂಬಿಆರ್ ಇದ್ದಾಗ ಆನ್ ಮಾಡಿದರೆ ವಿಂಡೋಸ್ ಏಳುವುದಿಲ್ಲ, ಆಗ ‘ಫಾರ್ಮ್ಯಾಟೇ ಗತಿ’ ಎನ್ನುತ್ತಾರೆ. ಡೇಟಾ ಅಳಿಸದೆ ಜಿಪಿಟಿಗೆ ಬದಲಿಸುವ ‘ಎಂಬಿಆರ್2ಜಿಪಿಟಿ’ ಸಾಧನ ವಿಂಡೋಸ್‌ನಲ್ಲೇ ಇದೆ. ಆದರೂ ಫೈಲುಗಳನ್ನು ಮೊದಲು ಹೊರಗೆ ತೆಗೆದಿಡಿ. ನಾನು ಆ ಸಾಧನವನ್ನು ಎಷ್ಟು ಸಲ ಬಳಸಿದ್ದರೂ ಬ್ಯಾಕಪ್ ಇಲ್ಲದೆ ಒಮ್ಮೆಯೂ ಓಡಿಸಿಲ್ಲ.

ಪ್ರಶ್ನೆ: ನಾಲ್ಕನೇ ತಲೆಮಾರಿನ ಐ3ಗೆ ಅಡ್ಡದಾರಿಯಲ್ಲಿ 11 ಹಾಕಿಕೊಡುತ್ತೇವೆ ಅನ್ನುತ್ತಾರೆ.

ಅಪ್‌ಡೇಟ್ ಬಂದೇ ಬರುತ್ತದೆಂಬ ಖಾತ್ರಿ ಇಲ್ಲದ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡುತ್ತೀರಾ? ಒಂದು ಎಸ್‌ಎಸ್‌ಡಿ ಹಾಕಿಸಿ, ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿಕೊಳ್ಳಿ.

ಪ್ರಶ್ನೆ: ಬಯೋಸ್ ಅಪ್‌ಡೇಟ್ ಆದ ಮೇಲೆ ನೀಲಿ ಪರದೆ ಬಂದು 48 ಅಂಕಿಯ ಕೀ ಕೇಳುತ್ತಿದೆ. ನಾವು ಯಾವ ಪಾಸ್‌ವರ್ಡೂ ಇಟ್ಟಿರಲಿಲ್ಲ. (ದಾವಣಗೆರೆ)

ಹೊಸದಾಗಿ ಹಾಕಿದ ವಿಂಡೋಸ್ 11, ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದರೆ ಎಷ್ಟೋ ಯಂತ್ರಗಳಲ್ಲಿ ಡಿಸ್ಕಿಗೆ ತಾನೇ ಬೀಗ ಹಾಕಿ, ಕೀಯನ್ನು ಆ ಅಕೌಂಟಿನಲ್ಲಿ ಇಡುತ್ತದೆ. ಮೊಬೈಲಿನಿಂದ ನಿಮ್ಮ ಅಕೌಂಟಿಗೆ ಹೋಗಿ ನೋಡಿ. ಅಲ್ಲಿ ಇಲ್ಲದಿದ್ದರೆ ವಿಂಡೋಸ್ ಹಾಕಿಕೊಟ್ಟವರ ಮೇಲ್ ಐಡಿ ಯಾವುದು ಎಂದು ಇವತ್ತೇ ಕೇಳಿ. ಎಷ್ಟೋ ಅಂಗಡಿಗಳಲ್ಲಿ ಗಿರಾಕಿಯ ಐಡಿ ಕೇಳುವ ತಾಪತ್ರಯ ಯಾಕೆಂದು ತಮ್ಮದನ್ನೇ ಹಾಕಿಬಿಡುತ್ತಾರೆ. ಆಗ ನಿಮ್ಮ ಮನೆಯ ಬೀಗದ ಕೈ ಅವರ ಜೇಬಿನಲ್ಲಿ. ಕೀ ಸಿಕ್ಕಿ ಒಳಗೆ ಹೋದ ತಕ್ಷಣ ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಶನ್ (ಆ ಬೀಗದ ಹೆಸರೇ ಇದು) ಆಫ್ ಮಾಡಿ, ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಿರಿ. ಅವರ ಅಕೌಂಟ್ ತೆಗೆದು ನಿಮ್ಮದು ಹಾಕಿ, ಆಮೇಲೆ ಬೇಕಾದರೆ ಮತ್ತೆ ಆನ್ ಮಾಡಿ. ಹೊಸ 48 ಅಂಕಿಗಳನ್ನು ಕಾಗದದಲ್ಲಿ ಬರೆದು, ಇನ್ನೊಬ್ಬರ ಕೈಲಿ ಓದಿಸಿ ತಾಳೆ ನೋಡಿ, ಮನೆ ಕಂದಾಯದ ರಸೀದಿಗಳ ಜೊತೆ ಇಡಿ.